ಮಾವನ ರೂಪಾಯಿ ಚಿಹ್ನೆ

ನಮ್ಮ ಸೋದರಮಾವನನ್ನು ಕಂಡರೆ ಹೆದರುವ ಹೋಟೆಲುಗಳು ಅರಸೀಕೆರೆಯಲ್ಲಿ ಕನಿಷ್ಠ ಮೂರಿವೆ! ಸಾಲ ಹೇಳುತ್ತಾರೆಂದಲ್ಲ. ಮೆನು ಕಾರ್ಡಿನಲ್ಲಿ ₹ ಇರಬೇಕಾದ ಕಡೆ ಖಾಲಿ ಚೌಕ ಕಂಡರೆ ಸಾಕು, ಮಾಲೀಕರನ್ನೇ ಕರೆಸುತ್ತಾರೆ. "ಏನ್ರೀ, ಕಾಫಿ ಮುಂದೆ ಡಬ್ಬಿ ಹದಿನೈದು ಅಂತ ಐತೆ? ಡಬ್ಬಿ ತುಂಬಾ ಕೊಡ್ತೀರಾ?"

ಬಸ್ ಸ್ಟ್ಯಾಂಡಿನ ಎದುರು ಅವರದೊಂದು ಡಿಟಿಪಿ ಅಂಗಡಿ. ಅಲ್ಲಿನ ಕನ್ನಡ ಫಾಂಟುಗಳು ಹುಟ್ಟಿದಾಗ ಈ ಚಿಹ್ನೆಯೇ ಹುಟ್ಟಿರಲಿಲ್ಲ. ಹಾಗಾಗಿ ಇಂಗ್ಲಿಷ್ ಫಾಂಟಿನಿಂದ ಎರವಲು ತರಬೇಕು. ಒಂದರಲ್ಲಿ ಅದು ದಪ್ಪ, ಇನ್ನೊಂದರಲ್ಲಿ ಬಡಕಲು. ಬೀಗರ ಪಂಕ್ತಿಯಲ್ಲಿ ಕೂತ ಅಪರಿಚಿತನ ಹಾಗೆ ಕಾಣುತ್ತದಂತೆ! ಆ ಫಾಂಟೇ ಇಲ್ಲದ ಕಂಪ್ಯೂಟರಿನಲ್ಲಂತೂ ಬರೀ ಖಾಲಿ ಚೌಕ. ಕೂದಲೆಳೆಯಷ್ಟು ಏರುಪೇರಾದರೂ ಮಾವನಿಗೆ ಊಟ ಸೇರದು. ಜಾವಗಲ್ಲಿನ ನೆಂಟರ ಮನೆ ಗೋಡೆಯ ಜಾಹೀರಾತಿನಲ್ಲಿದ್ದ ₹ಗೆ ಇದ್ದಿಲಿನಿಂದ ಗೆರೆ ತಿದ್ದಿ ಬಂದವರು ಇವರು. ಆ ನೆಂಟರು ಇನ್ನೂ ಮಾತು ಬಿಟ್ಟಿದ್ದಾರೆ.

ಇಂಥವರ ಕೈಗೆ ಅತ್ತೆಯ ಅಡುಗೆ ಪುಸ್ತಕ ಬಂತು. ಬಲಗೈ ಸ್ವಾಧೀನ ತಪ್ಪಿದ ಮೇಲೆ ಅತ್ತೆ ಎಡಗೈಯಲ್ಲಿ ಬರೆಯಲು ಕಲಿತು ಬರೆದ ಪುಸ್ತಕ. ಬೆಳಗಾದರೆ ಬೇಲೂರಿನಲ್ಲಿ ಬಿಡುಗಡೆ ಎಂಬ ದಿನ ಬಂತು. ಒಳಪುಟಗಳು ಅಚ್ಚಾಗಿದ್ದವು, ಹಿಂಬದಿಯ ರಕ್ಷಾಪುಟ ಮಾತ್ರ ಬಾಕಿ. ಐದು ಗಂಟೆಯೊಳಗೆ ಕಳಿಸದಿದ್ದರೆ ಪುಸ್ತಕವಿಲ್ಲ ಎಂದು ಹಾಸನದ ಪ್ರೆಸ್ಸಿನವರು ಖಡಾಖಂಡಿತವಾಗಿ ಹೇಳಿದ್ದರು.

ಮಾವ ಅದನ್ನು ಕಳಿಸಿದ ಮೇಲೆ ನಾಲ್ಕೂವರೆಗೆ ಪ್ರೆಸ್ಸಿನಿಂದ ಫೋನು. "ಸಾರ್, ಬೆಲೆ ಹತ್ರ ಡಬ್ಬಿ ಬತ್ತೈತೆ!"

ಮಾವನ ಮುಖ ಕೆಂಪಾಯಿತು. ಫಾಂಟು ಬದಲಿಸಿ ಕಳಿಸಿದರು. ಮತ್ತೆ ಡಬ್ಬಿ! ಇನ್ನೊಂದು ಫಾಂಟು. ಈ ಸಲ ಡಬ್ಬಿಯೂ ಇಲ್ಲ, ಬರೀ ಖಾಲಿ ಜಾಗ! ನಾನು ಗಡಿಯಾರ ನೋಡುತ್ತಲೇ ಇದ್ದೆ.

"ಮಾವ, ‘ರೂ.’ ಅಂತ ಹಾಕಿ ಕಳಿಸ್ಬಿಡಿ!"

"ನಿಮ್ಮತ್ತೆ ಬರ್ದಿರೋದು ಅದಲ್ಲ ಕಣೋ!"

ಐದಕ್ಕೆ ಇನ್ನು ಆರೇ ನಿಮಿಷ. ಮಾವ ತಟ್ಟನೆ ಡ್ರಾಯರಿನಿಂದ ಹಸ್ತಪ್ರತಿಯ ಕೊನೆಯ ಹಾಳೆ ಎಳೆದು ಸ್ಕ್ಯಾನ್ ಮಾಡಿದರು. ಅತ್ತೆ ಬರೆದ ₹ ಅನ್ನೇ ಕತ್ತರಿಸಿ ಚಿತ್ರವಾಗಿ ಅಂಟಿಸಿದರು. ಚಿತ್ರಕ್ಕೆ ಯಾವ ಫಾಂಟೂ ಬೇಡವಲ್ಲ! ಆದರೆ ಅದರ ಗೆರೆಗಳು ನಡುಗಿದ್ದವು, ಕಾಲು ವಾಲಿತ್ತು.

"ಮಾವ, ಸೊಟ್ಟಗಿದೆಯಲ್ಲ?"

"ಇರ್ಲಿ ಬಿಡೋ. ಇದೊಂದು ಬರೆಯೋದು ಕಲಿಯಕ್ಕೆ ಅವ್ಳು ಎಂಟು ದಿನ ಒದ್ದಾಡವ್ಳೆ."

ಮರುದಿನ ಬೇಲೂರಿನಲ್ಲಿ ಎಲ್ಲರೂ ಮುಖಪುಟ ನೋಡಿ ಹೊಗಳಿದರು. ಅತ್ತೆ ಮಾತ್ರ ಪುಸ್ತಕ ತಿರುಗಿಸಿ, ಎಡಗೈ ಬೆರಳನ್ನು ಆ ಸೊಟ್ಟ ಚಿಹ್ನೆಯ ಮೇಲಿಟ್ಟರು.

"ರೀ, ಇದು ನಾನು ಬರ್ದಿದ್ದೇ ಅಲ್ವಾ?"

ಮಾವ ಹೂಂ ಎಂದು ಕನ್ನಡಕ ತೆಗೆದು ಒರೆಸತೊಡಗಿದರು. ಹಿಂದಿನ ದಿನ ನನ್ನನ್ನು ಗೋಳುಹೊಯ್ದುಕೊಂಡದ್ದಕ್ಕೆ ಅವರನ್ನು ಎಲ್ಲರೆದುರು ರೇಗಿಸಬೇಕೆಂದಿದ್ದೆ. ಅದು ಬಿಟ್ಟು, ಒರೆಸಿಕೊಳ್ಳಲೆಂದು ನನ್ನ ಕರವಸ್ತ್ರ ಚಾಚಿದೆ.