ಸಂಜೆ ಸ್ವಿಚ್ ಆಫ್ ಆಗುವ ಹುಡುಗ

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತಾರೆ. ಆದರೆ ಮನುಷ್ಯರ ವಿಷಯ ಬಂದಾಗ ಯಾವ ಅಗುಳನ್ನು ಹಿಚುಕಬೇಕು ಎಂಬುದರಲ್ಲಿ ನಮ್ಮ ಮನೆಗಳಲ್ಲಿ ಒಮ್ಮತ ಇದ್ದದ್ದೇ ಇಲ್ಲ. ನನ್ನ ಮಾವನವರು ನನ್ನನ್ನು ಅಳೆದದ್ದು ಹೆಣ್ಣು ನೋಡಲು ಹೋದ ದಿನ ನಾನು ಚಪ್ಪಲಿ ಬಿಟ್ಟ ರೀತಿಯಿಂದ. ಎರಡೂ ಜೋಡಿಯಾಗಿ ಗೋಡೆಯ ಪಕ್ಕ ನೆಟ್ಟಗೆ ನಿಂತಿದ್ದವಂತೆ. ಶಿಸ್ತಿನ ಹುಡುಗ ಎಂದು ಮಗಳನ್ನು ಧಾರೆ ಎರೆದರು. ಅವತ್ತು ನಾನು ಬಿಟ್ಟ ಚಪ್ಪಲಿ ಬಾಗಿಲಿಗೆ ಅಡ್ಡವಾಗಿತ್ತೆಂದು ಯಾರೋ ಪುಣ್ಯಾತ್ಮರು ಕಾಲಿನಲ್ಲೇ ಸರಿಸಿಟ್ಟಿದ್ದರು ಅನ್ನುವುದು ನನ್ನ ಹೆಂಡತಿ ಲಲಿತಾಗೆ ಮದುವೆಯಾದ ವಾರದಲ್ಲೇ ಗೊತ್ತಾಯಿತು. ಆದರೆ ಮಾವನವರಿಗೆ ಕೊನೆಯವರೆಗೂ ಯಾರೂ ಹೇಳಲಿಲ್ಲ.

ನಾನು ಆರಿಸಿಕೊಂಡ ಅಗುಳು ಮೊಬೈಲಿನ ಬ್ಯಾಟರಿ. ಯಡಿಯೂರಿನ ನಮ್ಮ ಬೀದಿಯಲ್ಲಿ ಎಲ್ಲರ ಜೇಬಿಗೂ ಮೊಬೈಲು ಬಂದಿದ್ದ ಹೊಸತು. ಆಗ ಯಾರೇ ಹೊಸ ಫೋನು ಕೊಂಡರೂ ಕೇಳುತ್ತಿದ್ದ ಮೊದಲ ಪ್ರಶ್ನೆ, "ಚಾರ್ಜ್ ಎಷ್ಟು ದಿನ ಕೊಡತ್ತೆ?" ಸ್ಕೂಟರ್ ಕೊಂಡವರನ್ನು ಮೈಲೇಜು ಕೇಳುವ ಧಾಟಿಯೇ ಅದು. ಉತ್ತರಿಸುವವರೂ ಸ್ಕೂಟರಿನವರ ಹಾಗೆಯೇ ಒಂದಕ್ಕೆ ಅರ್ಧ ಸೇರಿಸಿ ಹೇಳುತ್ತಿದ್ದರು. ನನಗೆ ಸೇರಿಸಿ ಹೇಳುವ ಅಗತ್ಯವೇ ಇರಲಿಲ್ಲ. ನನ್ನದು ಟಾರ್ಚು ಇದ್ದ, ಬಣ್ಣ ಇಲ್ಲದ ಸಣ್ಣ ಫೋನು. ಸೋಮವಾರ ಚಾರ್ಜಿಗೆ ಹಾಕಿದರೆ ಶುಕ್ರವಾರದವರೆಗೆ ಪರದೆಯ ಮೂಲೆಯ ಕಡ್ಡಿಗಳು ಸೈನಿಕರ ಹಾಗೆ ನಿಂತಿರುತ್ತಿದ್ದವು. ಆಫೀಸಿನಲ್ಲಿ ಯಾರ ಫೋನಾದರೂ ಮಧ್ಯಾಹ್ನಕ್ಕೇ ಕುಂಯ್ ಎಂದು ಕಣ್ಣು ಮುಚ್ಚಿದರೆ ನಾನು ನನ್ನದನ್ನು ತೆಗೆದು, ಗಂಟೆ ನೋಡುವವನ ಹಾಗೆ, ಎಲ್ಲರಿಗೂ ಕಾಣುವಂತೆ ಹಿಡಿಯುತ್ತಿದ್ದೆ. ಬ್ಯಾಟರಿ ಉಳಿಸದವನು ಬದುಕಿನಲ್ಲಿ ಇನ್ನೇನನ್ನು ಉಳಿಸಿಯಾನು ಎಂಬುದು ನನ್ನ ಸಿದ್ಧಾಂತ. ಈ ಸಿದ್ಧಾಂತವನ್ನು ಮನೆಯಲ್ಲಿ ಮಂಡಿಸಿದಾಗ ಲಲಿತಾ ಸೊಪ್ಪು ಬಿಡಿಸುತ್ತಿದ್ದವಳು ತಲೆಯನ್ನೂ ಎತ್ತದೆ, "ನಿಮಗೆ ಫೋನ್ ಮಾಡೋರು ಯಾರಿದಾರೆ? ಗೋಡೆ ಗಡಿಯಾರಕ್ಕೆ ಹಾಕಿದ ಸೆಲ್ಲು ವರ್ಷಗಟ್ಟಲೆ ಬರತ್ತೆ, ಅದೇನು ಜಂಬ ಕೊಚ್ಕೊಳತ್ತಾ?" ಎಂದಳು. ದೊಡ್ಡ ಸಿದ್ಧಾಂತಗಳಿಗೆಲ್ಲ ಮೊದಲ ವಿರೋಧ ಅಡುಗೆಮನೆಯಿಂದಲೇ ಬರುವುದು, ಆದ್ದರಿಂದ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಹೀಗಿರುವಾಗ ನಮ್ಮ ಮಗಳು ಸ್ಮಿತಾಳನ್ನು ನೋಡಲು ಗುರುರಾಜ ಬಂದ. ಧಾರವಾಡದ ಕಡೆಯ ಹುಡುಗ, ಇಲ್ಲಿ ಒಂದು ಆಫೀಸಿನಲ್ಲಿ ಕೆಲಸ, ಬಿಟಿಎಂ ಲೇಔಟಿನಲ್ಲಿ ಸ್ನೇಹಿತರ ಜೊತೆ ಬಾಡಿಗೆ ಮನೆ. ಕೊಟ್ಟ ಉಪ್ಪಿಟ್ಟನ್ನು ಬಿಡದೆ ತಿಂದ, ಕೇಳಿದ್ದಕ್ಕೆಲ್ಲ ನಗುನಗುತ್ತ ಉತ್ತರ ಹೇಳಿದ, ಹೊರಡುವಾಗ ಎಲ್ಲರಿಗೂ ತನ್ನ ನಂಬರು ಕೊಟ್ಟು ಹೋದ. ಅವತ್ತು ನಮ್ಮ ಹಾಲಿನಲ್ಲಿ ಶ್ರೀನಗರದಿಂದ ಬಂದಿದ್ದ ಲಲಿತಾಳ ಅಣ್ಣ, ಅಂದರೆ ನಮ್ಮ ಭಾವ, ಮತ್ತು ಗಿರಿನಗರದಿಂದ ಬಂದಿದ್ದ ನನ್ನ ಅಕ್ಕ ಇಬ್ಬರೂ ಇದ್ದರು. ಸ್ಮಿತಾಗೆ ಹುಡುಗ ಒಪ್ಪಿಗೆಯಾದ ಹಾಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಹಿಂದೆ ಬಂದಿದ್ದ ಹುಡುಗರಿಗೆಲ್ಲ ಗೇಟು ದಾಟುವ ಮೊದಲೇ ಒಂದೊಂದು ಅಡ್ಡಹೆಸರು ಇಟ್ಟಿದ್ದವಳು ಇವನಿಗೆ ಏನೂ ಇಡಲಿಲ್ಲ.

ಒಪ್ಪಿಗೆಯಾದರೆ ಆಯಿತೇ? ವಿಚಾರಣೆ ಆಗಬೇಡವೇ? ನಮ್ಮ ಕಾಲದಲ್ಲಿ ಹುಡುಗನ ಬಗ್ಗೆ ಅವನ ಬೀದಿಯ ಅಂಗಡಿಯವನನ್ನು ಕೇಳುತ್ತಿದ್ದೆವು, ಮನೆ ಮಾಲೀಕರನ್ನು ಕೇಳುತ್ತಿದ್ದೆವು. ನನ್ನ ಬಗ್ಗೆ ನನ್ನ ಕ್ಷೌರಿಕನನ್ನೂ ಕೇಳಿದ್ದರು. ಈಗ ಹುಡುಗನೇ ನಂಬರು ಕೊಟ್ಟಿರುವಾಗ ಅಷ್ಟೆಲ್ಲ ಸುತ್ತುವುದೇಕೆ ಎಂದು ನಾನು ಮರುದಿನ ಆಫೀಸಿನ ಫೋನಿನಿಂದಲೇ ಅವನನ್ನು ಮಾತಾಡಿಸಿದೆ. ಸುಮ್ಮನೆ ಲೋಕಾಭಿರಾಮ. ಅವನ ಆಫೀಸು, ಅವನ ಊರಿನ ಪೇಢೆ, ನನ್ನ ಆಫೀಸಿನಲ್ಲಿ ನನಗೆ ಬಡ್ತಿ ತಪ್ಪಿಸಿದವರ ಕಥೆ, ಹೀಗೆ. ಹುಡುಗ ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದ. ಕೇಳಿಸಿಕೊಳ್ಳುವವರು ಸಿಗುವುದು ಎಷ್ಟು ಅಪರೂಪ ಎಂಬುದು ಮಾತಾಡುವವರಿಗೇ ಗೊತ್ತು. ಆದ್ದರಿಂದ ಮಾರನೆಯ ದಿನವೂ ಮಾಡಿದೆ, ಅದರ ಮಾರನೆಯ ದಿನವೂ.

ತೊಂದರೆ ಶುರುವಾದದ್ದು ಸಂಜೆಗಳಲ್ಲಿ. ಬೆಳಿಗ್ಗೆ ಹೇಳಲು ಮರೆತ ಒಂದು ಮಾತು ನೆನಪಾಗಿ ಮನೆಗೆ ಬಂದ ಮೇಲೆ ಮಾಡಿದರೆ, ಒಂದು ಹೆಣ್ಣು ದನಿ ಅವನ ಫೋನು ಸ್ವಿಚ್ ಆಫ್ ಆಗಿದೆ ಎಂದು ಬಹಳ ವಿನಯದಿಂದ ತಿಳಿಸಿತು. ಮರುದಿನ ಸಂಜೆಯೂ ಅದೇ ದನಿ, ಅದೇ ವಿನಯ. ವಾರವಿಡೀ ಹೀಗೆಯೇ ಆಯಿತು. ನನ್ನ ಸಿದ್ಧಾಂತ ಎದ್ದು ಕೂತಿತು. ಹಗಲೆಲ್ಲ ಇಷ್ಟು ಬ್ಯಾಟರಿ ಸುಡಬೇಕಾದರೆ ಈ ಹುಡುಗ ಯಾರ ಜೊತೆ ಮಾತಾಡುತ್ತಾನೆ? ಸುಡದೆ ತಾನಾಗಿಯೇ ಆರಿಸುತ್ತಾನೆ ಎಂದರೆ ಸಂಜೆಯ ಹೊತ್ತು ಯಾರಿಗೂ ಸಿಗದೆ ಏನು ಮಾಡುತ್ತಾನೆ?

ಭಾವನನ್ನು ಕೇಳಿದೆ. "ನಾನೂ ಗಮನಿಸಿದೀನಿ ಕಣಯ್ಯ. ಸಂಜೆಯಾದ್ರೆ ಸಾಕು, ಆಫ್," ಎಂದು ಹೆಬ್ಬೆರಳನ್ನು ಬಾಯಿಯ ಕಡೆ ಎತ್ತಿ ತೋರಿಸಿದರು. ಅಕ್ಕನ ಅಭಿಪ್ರಾಯ ಬೇರೆ. "ಕುಡಿತ ಅಲ್ಲ. ಇನ್ಯಾವಳೋ ಇದಾಳೆ. ಹಗಲೆಲ್ಲ ಅವಳ ಜೊತೆ ಮಾತು, ಸಂಜೆ ಹೊತ್ತಿಗೆ ಫೋನೂ ಸುಸ್ತು, ಇವನೂ ಸುಸ್ತು." ಎರಡರಲ್ಲಿ ಒಂದು ನಿಜವಾದರೂ ಸಂಬಂಧ ಬೇಡ ಎಂದು ಮೂವರೂ ತೀರ್ಮಾನಿಸಿದೆವು. ಲಲಿತಾ ಮಾತ್ರ, "ಒಂದ್ಸಲ ಆ ಹುಡುಗನ್ನೇ ಕೇಳಬಾರ್ದಾ?" ಎಂದಳು. ಕೇಳೋಣವೆಂದರೆ ಸಂಜೆ ಫೋನು ಆಫು. ಹಗಲು ಕೇಳಬಹುದಿತ್ತು ನಿಜ. ಆದರೆ ಹಗಲು ನಮ್ಮಿಬ್ಬರ ನಡುವೆ ಎಷ್ಟು ಒಳ್ಳೆಯ ಮಾತು ನಡೆಯುತ್ತಿತ್ತೆಂದರೆ ಅದರ ನಡುವೆ ಇಂಥ ಪ್ರಶ್ನೆ ತರಲು ನನಗೇ ಮನಸ್ಸಾಗುತ್ತಿರಲಿಲ್ಲ.

ಶನಿವಾರ ಸಂಜೆ ಸ್ಮಿತಾಗೆ ವಿಷಯ ತಿಳಿಸಿದೆ. ಅವಳು ಜಯನಗರದ ತನ್ನ ಆಫೀಸಿನಿಂದ ಆಗತಾನೆ ಬಂದು ಬ್ಯಾಗು ಹೆಗಲಿನಿಂದ ಇಳಿಸಿರಲಿಲ್ಲ. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. "ಅಪ್ಪ, ಅವರ ಜೊತೆ ನಾನಿನ್ನೂ ಒಂದೇ ಒಂದು ಸಲ ಸರಿಯಾಗಿ ಮಾತಾಡಿಲ್ಲ. ಆಫೀಸಲ್ಲಿ ಮಾತಾಡೋ ಹಾಗಿಲ್ಲ, ಮನೆಗೆ ಬಂದು ಮಾಡಿದ್ರೆ ಆಫ್ ಇರತ್ತೆ. ನಾನು ಮಾತಾಡೋಕೆ ಮುಂಚೆ ನೀವೆಲ್ಲ ಸೇರಿ ಬೇಡ ಅಂತ ಹೇಳಿಬಿಡ್ತೀರಾ?" ಎಂದಳು. ನಾನು ಅವಳ ಬ್ಯಾಗು ಇಳಿಸಿಕೊಳ್ಳಲು ಕೈ ಚಾಚಿದೆ, ಅವಳು ಕೊಡಲಿಲ್ಲ.

ಅಷ್ಟರಲ್ಲಿ ಕಾಲಿಂಗ್ ಬೆಲ್ ಆಯಿತು. ಬಾಗಿಲು ತೆಗೆದರೆ ಗುರುರಾಜನೇ. ಬಸ್ಸಿನ ನೂಕುನುಗ್ಗಲಿನಲ್ಲಿ ಬಂದು ಬೆವರಿದ್ದ, ಕೈಯಲ್ಲಿ ಸತ್ತ ಫೋನು ಹಿಡಿದಿದ್ದ. ನಾನು ಮೂಗು ಚುರುಕು ಮಾಡಿದೆ. ಭಾವ ಸೂಚಿಸಿದ್ದರ ವಾಸನೆ ಏನೂ ಬರಲಿಲ್ಲ.

"ತಪ್ಪು ತಿಳೀಬ್ಯಾಡ್ರಿ ಸರ. ಸ್ಮಿತಾ ಅವರು ಸಂಜಿ ಮುಂದ ಫೋನ್ ಮಾಡ್ತೀನಿ ಅಂತ ಮೆಸೇಜ್ ಕಳಿಸಿದ್ರು. ನಂದು ನೋಡಿದ್ರ ಇವತ್ತೂ ಬಂದ್ ಬಿತ್ತು. ದಿನಾ ಹಿಂಗ ಆಗ್ಲಿಕತ್ತದ, ಅದಕ್ಕ ನಾನ ಬಂದುಬಿಟ್ಟೆ," ಎಂದು ಸ್ಮಿತಾಳ ಕಡೆ ಒಮ್ಮೆ ನೋಡಿ, "ಸಣ್ಣ ಪಿನ್ನಿನ ಚಾರ್ಜರ್ ಅದ ಏನ್ರಿ?" ಎಂದ.

ಸ್ಮಿತಾ ಕಣ್ಣುಮುಚ್ಚಿ ಬಿಡುವುದರೊಳಗೆ ತನ್ನ ಚಾರ್ಜರ್ ತಂದು ಟಿವಿಯ ಪಕ್ಕದ ಪ್ಲಗ್ಗಿಗೆ ಹಾಕಿದಳು. ಫೋನಿಗೆ ಜೀವ ಬಂತು. ಬಂದದ್ದೇ ತಡ, ಹೊಡೆದುಕೊಳ್ಳತೊಡಗಿತು. ಗುರುರಾಜ ವೈರಿನ ಉದ್ದಕ್ಕೆ ಬಗ್ಗಿ ನಿಂತು, "ಹೂನ್ರಿ ಮಾಮಾ... ಇಲ್ರಿ, ಮೂಲಾ ನಕ್ಷತ್ರ ಅಲ್ರಿ... ಮುಂಜಾನಿನೂ ಕೇಳಿದ್ರಿ, ಅದ ಹೇಳಿದ್ನಲ್ರಿ..." ಎನ್ನುತ್ತಿದ್ದ. ಆ ಕಡೆಯಿಂದ ಕೇಳುತ್ತಿದ್ದದ್ದು ಶ್ರೀನಗರದ ಭಾವನ ದನಿ. ಅವರ ದನಿಗೆ ಫೋನೇ ಬೇಕಿಲ್ಲ, ಕಿಟಕಿ ತೆಗೆದರೆ ಸಾಕು. ಅದು ಮುಗಿಯುತ್ತಿದ್ದಂತೆ ಇನ್ನೊಂದು ಕರೆ. "ಇಲ್ರಿ ಅತ್ತಿ, ಎರಡೂ ತಿಂತೀನ್ರಿ. ಮುಂಜಾನಿ ರೊಟ್ಟಿ, ರಾತ್ರಿ ಅನ್ನ... ಹೂನ್ರಿ, ಸಾರೂ ನಡೀತದ." ಇದು ಗಿರಿನಗರದ ನನ್ನ ಅಕ್ಕ.

ಲಲಿತಾ ಅವನಿಗೆ ನೀರು ಕೊಟ್ಟು ಕೂರಿಸಿ ಕೇಳಿದಳು, "ದಿನಾ ಹೀಗೆ ಮಾಡ್ತಾರೇನಪ್ಪಾ ಇವರು?"

"ಹಿರೇರು ಕೇಳ್ತಾರ, ಹೇಳಬೇಕಲ್ರಿ. ಮಾಮಾ ಅವರು ಹೊತ್ತಿಗೊಂದು ಸಲ ಮಾಡ್ತಾರ. ಅತ್ತಿ ಅವರು ನಡುನಡುವೆ. ಆದ್ರ ಅವರದು ಜಲ್ದಿ ಮುಗೀತದ್ರಿ." ಇಷ್ಟು ಹೇಳಿ ನಿಲ್ಲಿಸಿದ.

"ಜಲ್ದಿ ಮುಗಿಯದ್ದು ಯಾರದು?" ಎಂದಳು ಲಲಿತಾ. ಕೇಳಿದ್ದು ಅವನನ್ನು, ನೋಡಿದ್ದು ನನ್ನನ್ನು.

"ಸರ ಭಾಳ ಛಂದ ಮಾತಾಡ್ತಾರ್ರಿ," ಎಂದ ಹುಡುಗ. "ಮೊನ್ನೆ ಊಟಕ್ಕ ಕೂತಾಗ ಪ್ರಮೋಷನ್ನಿಂದು ಶುರು ಮಾಡಿದ್ರು. ಡಬ್ಬಿ ಹಂಗ ಆರಿತು. ನನಗೇನೂ ಬ್ಯಾಸರಿಲ್ರಿ. ಫೋನಿಗೆ ತಡಕೊಳ್ಳಿಕ್ಕೆ ಆಗಂಗಿಲ್ಲ, ಅಷ್ಟ."

ಹುಡುಗನ ಬ್ಯಾಟರಿಯನ್ನು ಬೆಳಗಿನಿಂದ ಮೂರು ಕಡೆಯಿಂದ ಹಿಂಡಿ, ಸಂಜೆ ಅದು ಬರಿದಾಗಿದೆ ಎಂದು ಅವನ ನಡತೆಯನ್ನು ಶಂಕಿಸಿದವರು ನಾವೇ. ಸ್ಮಿತಾ ನನ್ನನ್ನು ಬೈಯುತ್ತಾಳೆಂದು ಕಾದೆ. ಅವಳಿಗೆ ನಗು ಬಂದುಬಿಟ್ಟಿತು. ಮೊದಲು ಸೆರಗು ಅಡ್ಡ ಹಿಡಿದಳು, ಆಮೇಲೆ ಅದನ್ನೂ ಬಿಟ್ಟಳು. ಗುರುರಾಜನೂ ನಕ್ಕ. ಇಬ್ಬರೂ ಹೊರಗಿನ ಜಗಲಿಗೆ ಹೋಗಿ, ಚಾರ್ಜು ಆಗಲಿ ಎಂಬ ನೆವದಲ್ಲಿ, ಊಟಕ್ಕೆ ಕರೆಯುವವರೆಗೂ ಮಾತಾಡಿದರು.

ಅವತ್ತೇ ಲಲಿತಾ ಶ್ರೀನಗರಕ್ಕೂ ಗಿರಿನಗರಕ್ಕೂ ಆಜ್ಞೆ ಹೊರಡಿಸಿದಳು. "ಆ ಹುಡುಗನಿಗೆ ಯಾರೂ ಫೋನ್ ಮಾಡಕೂಡದು. ಏನು ಕೇಳೋದಿದ್ರೂ ನಮ್ಮನೆಯವರ ಮೊಬೈಲಿಗೆ ಮಾಡಿ. ಅವರ ಬ್ಯಾಟರಿ ಶುಕ್ರವಾರದವರೆಗೂ ಬರತ್ತಂತೆ."

ಬರಲಿಲ್ಲ. ಭಾವನಿಗೆ ಹುಡುಗನ ನಕ್ಷತ್ರದ ಬಗ್ಗೆ ಇನ್ನೂ ಸಮಾಧಾನವಾಗಿರಲಿಲ್ಲ. ಅಕ್ಕನಿಗೆ ಧಾರವಾಡದವರು ಮದುವೆಯಲ್ಲಿ ಏನೇನು ಬಡಿಸುತ್ತಾರೆ ಎಂಬುದು ಪೂರ್ತಿ ತಿಳಿಯಬೇಕಿತ್ತು. ನನ್ನ ಸೈನಿಕರು ಒಬ್ಬೊಬ್ಬರಾಗಿ ಮಲಗಿದರು. ಸಂಜೆ ಆಫೀಸಿನಿಂದ ಹೊರಡುವ ಹೊತ್ತಿಗೆ ಫೋನು ಕುಂಯ್ ಎನ್ನುತ್ತಿತ್ತು. ಮನೆಗೆ ಬಂದು ಚಾರ್ಜಿಗೆ ಹಾಕೋಣವೆಂದರೆ ಆ ವಾರದಿಂದ ನಮ್ಮ ಬೀದಿಯಲ್ಲಿ ಸಂಜೆಯೇ ಕರೆಂಟು ಹೋಗತೊಡಗಿತ್ತು.

ಮುಂದಿನ ಭಾನುವಾರ ಗುರುರಾಜ ನಿಶ್ಚಿತಾರ್ಥದ ದಿನ ಗೊತ್ತುಮಾಡಲು ಬಂದಿದ್ದ. ಕೂತಿರುವಾಗ ಧಾರವಾಡದಿಂದ ಅವನ ತಂದೆಯ ಕರೆ ಬಂತು. ನಮ್ಮ ಭಾವ ಒಬ್ಬರೇ ದೊಡ್ಡ ದನಿಯವರು ಎಂದು ನಾನು ತಿಳಿದಿದ್ದೆ. ಗುರುರಾಜ ಕಿಟಕಿಯ ಹತ್ತಿರ ಸರಿದು ನಿಂತರೂ ಆ ಕಡೆಯ ಒಂದೊಂದು ಅಕ್ಷರವೂ ನಮಗೆ ಕೇಳಿಸಿತು.

"ಅಲ್ಲೋ ಗುರ್ಯಾ, ಹುಡುಗಿ ತಂದಿ ಸಂಜಿ ಆದ ಕೂಡ್ಲೆ ಫೋನ್ ಬಂದ್ ಮಾಡಿ ಕೂಡ್ತಾರಲ್ಲ? ವಾರದಿಂದ ನೋಡ್ಲಿಕತ್ತೇನಿ. ಏನರ ಅಭ್ಯಾಸ ಅದ ಏನು ಅವರಿಗೆ? ಮೊದಲ ಅದನ್ನ ವಿಚಾರಿಸು. ಆಮ್ಯಾಲೆ ಮುಂದಿನ ಮಾತು."

ಸ್ಮಿತಾಳ ಮುಖ ಬಿಳಿಚಿಕೊಂಡಿತು. ನಾನು ಎದ್ದು ನಿಂತೆ, ಮತ್ತೆ ಕೂತೆ. ಗುರುರಾಜ ಮಾತ್ರ ಗಾಬರಿಯಾಗಲಿಲ್ಲ.

"ಏ, ಅಂಥಾದ್ದೇನಿಲ್ಲಪ್ಪಾ. ಕುಡಿಯೋದಿಲ್ಲ, ಸೇದೋದಿಲ್ಲ. ಅದಕ್ಕ ನಾನು ಜವಾಬ್ದಾರ. ಮಾತಾಡ್ತಾರ, ಅಷ್ಟ."

ಆ ಕಡೆಯಿಂದ, "ಎಷ್ಟು ಮಾತಾಡ್ತಾರ?" ಎಂಬ ಪ್ರಶ್ನೆ ಬಂತು.

ಹುಡುಗ ತಿರುಗಿ ನನ್ನನ್ನು ನೋಡಿದ. ಸ್ಮಿತಾಳನ್ನು ನೋಡಿದ. "ಅದನ್ನ ಅಕ್ಷತಿ ಬಿದ್ದ ಮ್ಯಾಲೆ ಹೇಳ್ತೀನಪ್ಪಾ," ಎಂದು ಫೋನು ಇಟ್ಟ.

ಲಲಿತಾ ಎದ್ದು ಹೋಗಿ ನನಗೆ ಕಾಫಿ ತಂದುಕೊಟ್ಟಳು. ಸ್ವಲ್ಪ ಹೊತ್ತಾದರೂ ಬಾಯಿ ಬೇರೆ ಕೆಲಸದಲ್ಲಿರಲಿ ಎಂದೋ ಏನೋ, ಲೋಟದ ತುಂಬ ತಂದಿದ್ದಳು.