ಡ್ರಿಲ್ ಮಾಸ್ತರನ ಹಗರ ಪದರಕೋಳಿ

ಶಿವಾಜಿ — ನಮ್ಮ ಮನಿ ನೆಲಾನ ಸಮ ಇಲ್ಲ. ತೂಕದ ಮಷೀನ ಆ ಮೂಲಿಗೆ ಇಟ್ಟ ನೋಡು.

ಮಲ್ಲಿಕಾ — ಮೂರ ಮೂಲಿ ಮುಗದುವ್ರಿ. ಇದು ನಾಕನೇದು. ಎಲ್ಲಾ ಕಡೆ ತೊಂಬತ್ತಾರ ಕಿಲೋನ ಬರಾಕತ್ತೈತಿ.

ಶಿವಾಜಿ — ಕಿಸೇದಾಗ ಕೀಲಿ ಅದಾವು.

ಮಲ್ಲಿಕಾ — ತಗೀರಿ. ಎರಡ ಕಿಲೋದ ಕೀಲಿ ಯಾವ ಬಾಗಲದ್ದು ಅಂತ ನಾನೂ ನೋಡತೇನಿ.

ಶಿವಾಜಿ ಕೀಲಿ ತಗದ. ಪಾಕೀಟ ತಗದ, ಬೆಲ್ಟ ಬಿಚ್ಚಿದ, ಕೊರಳಾಗಿನ ಸೀಟಿನೂ ತಗದು ಕಟ್ಟಿ ಮ್ಯಾಲ ಇಟ್ಟ. ಉಸರ ಬಿಗಿಹಿಡದು ಮತ್ತೊಮ್ಮೆ ಹತ್ತಿದ. ತೊಂಬತ್ತಾರು. ಬಾಗಲದ ಹಂತೇಕ ಕಾಲ ಚಾಚಿ ಕುಂತು ಬಳ್ಳೊಳ್ಳಿ ಸುಲೀತಿದ್ದ ಅಂವನ ತಾಯಿ ಫಕೀರವ್ವ, ಒಂದ ಕಾಲ ಎತ್ತಿ ನಿಂತರ ಅರ್ಧಾ ಆಕ್ಕೈತಿ ನೋಡಲೇ ತಮ್ಮಾ ಅಂದ್ಲು. ಅಂವ ಖರೇನ ಎತ್ತಿದ. ಹೆಂಡ್ತಿ ನೋಡಾಕತ್ತದ್ದು ಕಂಡು ಸಾವಕಾಶ ಇಳಿಸಿದ.

ಶಿವಾಜಿ ಹೇಳಿ ಕೇಳಿ ಡ್ರಿಲ್ ಮಾಸ್ತರ. ಸಂಶಿ ಹತ್ರದ ಹೈಸ್ಕೂಲಿನ್ಯಾಗ ಇಪ್ಪತ್ತ ವರ್ಷದಿಂದ ಹುಡುಗುರನ್ನ ಓಡಿಸಾಕತ್ತಾನ, ತಾ ಮಾತ್ರ ಓಡೂದು ಬಿಟ್ಟು ಹದಿನೈದ ವರ್ಷ ಆತು. "ನಾ ಸಾವಧಾನ್ ಅಂದ್ರ ಇಡೀ ಸಾಲಿ ಸಾವಧಾನ ಆಕ್ಕೈತಿ, ನನ್ನ ಹೊಟ್ಟಿ ಒಂದ ವಿಶ್ರಾಮದಾಗ ಇರತೈತಿ" ಅಂತ ತಾನ ಹೇಳಿ ತಾನ ನಗತಿದ್ದ. ಮಂದಿ ನಗೂಕಿಂತ ಮೊದಲ ನಾವ ನಕ್ಕಬಿಟ್ರ ಅವರಿಗೆ ಏನೂ ಉಳಿಯೂದಿಲ್ಲ ಅನ್ನೂದು ಅಂವನ ಲೆಕ್ಕ.

ಆದ್ರ ಹುಬ್ಬಳ್ಳಿ ಡಾಕ್ಟರ ನಗಲಿಲ್ಲ. ಲಿವರಿಗೆ ಕೊಬ್ಬ ಕುಂತೈತಿ, ರಾತ್ರಿ ಊಟ ಹಗರ ಮಾಡ್ರಿ ಅಂದ್ರು. ಊರ ಆರೋಗ್ಯ ಕೇಂದ್ರದಾಗ ನರ್ಸ ಆಗಿದ್ದ ಮಲ್ಲಿಕಾ ಅವತ್ತ ರಾತ್ರಿನ ಹೆಸರಬ್ಯಾಳಿ ಗಂಜಿ ಶುರು ಮಾಡಿದ್ಲು. ಎಂಟ ದಿನಾ ಗಂಜಿ ಕುಡದ ಮಾಸ್ತರ ಒಂಬತ್ತನೇ ದಿನಾ ಎದ್ದ ನಿಂತ. ಇನ್ಮ್ಯಾಲ ಸಂಜಿ ಅಡಗಿ ನಂದು, ಹಗರಂದ್ರ ಹಗರ, ರುಚಿಗೆ ರುಚಿ ಅಂತ ಸಾರಿಬಿಟ್ಟ. ಮೊಬೈಲಿನ್ಯಾಗ ಅಂವಗ ಮೆಕ್ಸಿಕೋ ಕಡೆ ಚಿಕನ್ ಕ್ಯಾಸರೋಲ್ ಸಿಕ್ಕಿತ್ತು. ಮೆಕ್ಸಿಕೋ ಎಲ್ಲೈತಿ ಅನ್ನೂದನ್ನ ಭೂಗೋಳದ ಮಾಸ್ತರನ್ನ ಕೇಳಿ ತಿಳಕೊಂಡ. ಕೋಳಿ, ಕಾಳು, ಮೆಕ್ಕಿ ಗೊಂಜಾಳ, ಟೊಮ್ಯಾಟಿ, ನಡುನಡುವ ಅವರ ದೇಶದ ರೊಟ್ಟಿ, ಎಲ್ಲಾ ಪದರಪದರ ಹಾಸಿ, ಮ್ಯಾಲ ಒಂಚೂರ ಚೀಜ್ ಉದುರಿಸಿ, ಓವನ್ನಿನ್ಯಾಗ ಬೇಯಿಸೂದು. ಎಣ್ಣಿ ಕಮ್ಮಿ, ಕರಿಯೂದಂತೂ ಇಲ್ಲ. ಕ್ಯಾಸರೋಲ್ ಅನ್ನಾಕ ನಾಲಿಗಿ ಹೊಳ್ಳದ ಫಕೀರವ್ವ ಅದಕ್ಕ ಪದರಕೋಳಿ ಅಂತ ಹೆಸರಿಟ್ಲು.

ಮಲ್ಲಿಕಾ ಒಂದ ಕರಾರ ಹಾಕಿದ್ಲು. ಮೂರ ವಾರದಾಗ ತೊಂಬತ್ನಾಕರಿಂದ ಎರಡ ಕಿಲೋ ಇಳದ್ರ ಸಂಜಿ ಒಲಿ ನಿಮ್ಮದು. ಇಳೀದಿದ್ರ ದೀಪಾವಳಿ ತನಕ ಗಂಜಿ. ಆ ಮೂರ ವಾರ ಇವತ್ತ, ಬುಧವಾರ, ಮುಗದಿತ್ತು. ನಾಳೆ ಗುರುವಾರ ಕೇಂದ್ರದಾಗ ತೂಕ ನೋಡೂ ಶಿಬಿರ. ನಮ್ಮ ಮನಿಯವರ ಮೊದಲ ಹತ್ತತಾರ ನೋಡ್ರಿ ಅಂತ ಆಕಿ ಊರ ತುಂಬ ಹೇಳಿಕೊಂಡ ಬಂದಿದ್ಲು. ಮಷೀನ ಸೈ ಐತೋ ಇಲ್ಲೋ ನೋಡೂಣಂತ ಮನಿಗೆ ತಂದಿದ್ಲು. ಎರಡ ಕಿಲೋ ಇಳಿಯೂದ ಹೋತು, ಎರಡ ಕಿಲೋ ಏರಿತ್ತು.

ಶಿವಾಜಿಗೆ ಊರ ಮುಂದ ಮರ್ಯಾದಿ ಹೋಗೂದರ ಚಿಂತಿ ಅಷ್ಟೊಂದ ಇರಲಿಲ್ಲ, ಅದು ಹೋಗಿ ಬಂದು ರೂಢಿ ಇತ್ತು. ಒಲಿ ಹೋಗೂದ ಮಾತ್ರ ತಡಕೊಳ್ಳಾಕ ಆಗವಲ್ಲದಾಗಿತ್ತು. ನಲವತ್ತಾರ ವರ್ಷದಾಗ ಅಂವನ ದೊಡ್ಡ ದನಿ ಬಿಟ್ಟ ಮತ್ಯಾವುದನ್ನೂ ಯಾರೂ ಹೊಗಳಿರಲಿಲ್ಲ. ಈ ಮೂರ ವಾರ ಬೋಗುಣಿ ಮುಚ್ಚಳ ತಗದಾಗ ಮನಿಮಂದಿ ಮೂಗ ಅರಳಿಸಿ ಕಾಯತಿದ್ರು. ಅದನ್ನ ಬಿಟ್ಟಕೊಡಾಕ ಅಂವಗ ಮನಸಿಲ್ಲ.

ಮಲ್ಲಿಕಾ ಸ್ಟೂಲ ಎಳಕೊಂಡು, ದವಾಖಾನಿಯೊಳಗ ರೋಗಿನ್ನ ಕೂಡ್ರಿಸಿಕೊಂಡಂಗ ಗಂಡನ್ನ ಎದರಿಗೆ ಕೂಡ್ರಿಸಿಕೊಂಡ್ಲು.

ಮಲ್ಲಿಕಾ — ನಿನ್ನೆ ರಾತ್ರಿ ಎಷ್ಟ ಉಂಡ್ರಿ?

ಶಿವಾಜಿ — ಒಂದ ಹೋಳು. ಮೊಬೈಲಿನ್ಯಾಗ ಹೇಳಿದಷ್ಟ. ಅಂಗೈಯಷ್ಟ.

ಮಲ್ಲಿಕಾ — ಯಾರ ಅಂಗೈ?

ಶಿವಾಜಿ ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡ.

ಮಲ್ಲಿಕಾ — ಆತು. ಒಳಗ ಏನೇನ ಹಾಕತೀರಿ, ಮತ್ತೊಮ್ಮೆ ಒಂದೊಂದ ಹೇಳ್ರಿ.

ಇದಕ್ಕ ಮಾಸ್ತರಗ ಹುರುಪ ಬಂತು. ಕೋಳಿ ತೊಗಲ ತಗದದ್ದು ಅಂದ. ಕಾಳಂದ್ರ ಅಲಸಂದಿ, ಗೊಂಜಾಳ ನಮ್ಮ ಹೊಲದ್ದ, ಅವರ ದೇಶದ ರೊಟ್ಟಿ ಇಲ್ಲಿ ಸಿಗೂದಿಲ್ಲಂತ ಪದರಕ್ಕ ನಮ್ಮ ಕಡಕ ಜ್ವಾಳದ ರೊಟ್ಟಿ, ಎಣ್ಣಿ ಒಂದ ಚಮಚ. ಓವನ್ ಇಲ್ಲ, ಅದಕ್ಕ ಹಂಚಿನ ಮ್ಯಾಲ ಬೋಗುಣಿ ಇಟ್ಟು ಮುಚ್ಚಳದ ಮ್ಯಾಲ ಕೆಂಡ. ಮಲ್ಲಿಕಾನ ಮಾರಿ ಸಡಲಾತು. ತಪ್ಪ ಹಿಡಿಯೂವಂಥಾದ್ದು ಏನೂ ಇರಲಿಲ್ಲ.

ಮಲ್ಲಿಕಾ — ಚೀಜ್?

ಶಿವಾಜಿ — ಬಿಟ್ಟೇಬಿಟ್ಟೇನಿ. ಮೊಬೈಲಿನ್ಯಾಗ ಒಂಚೂರ ಹಾಕ್ರಿ ಅಂದ್ರು, ನಾ ಪೂರ್ತಿ ತಗದೆ.

ಮಲ್ಲಿಕಾ — ಚಲೋ ಮಾಡಿದ್ರಿ. ಮತ್ತ ಮ್ಯಾಲ ಬೆಳ್ಳಗ ಇರತೈತಲ್ಲ, ಅದೇನು?

ಶಿವಾಜಿ — ಅದಾ. ಕೆನಿ.

ಮಲ್ಲಿಕಾ — ಯಾವ ಕೆನಿ?

ಶಿವಾಜಿ — ನಮ್ಮ ಎಮ್ಮೀದು. ಎರಡ ಬಟ್ಟಲ ಅಷ್ಟ. ಪ್ಯಾಟಿ ಚೀಜಿನ್ಯಾಗ ಏನೇನ ಇರತೈತೋ ಯಾರ ಬಲ್ಲರು. ಇದು ಮನೀದು.

ಮನೀದು ಅಂದ ಕೂಡಲೇ ಕೊಬ್ಬ ಕರಗಿ ಹೋಗತೈತಿ ಅಂತ ಅಂವ ಖರೇನ ನಂಬಿದ್ದ. ಆ ಮಾತ ಹೆಂಡ್ತಿ ಎದುರಿಗೆ ಬಾಯಿಬಿಟ್ಟ ಅಂದ ಮ್ಯಾಲ ಅಂವಗೂ ಸ್ವಲ್ಪ ಅನುಮಾನ ಬಂತು. ಮಲ್ಲಿಕಾ ಹಣಿ ಒತ್ತಿಕೊಂಡು ಅತ್ತಿ ಕಡೆ ಹೊಳ್ಳಿದ್ಲು.

ಮಲ್ಲಿಕಾ — ಅತ್ತಿ, ನೀವರೆ ಹೇಳಬಾರದಾಗಿತ್ತೇನ್ರಿ?

ಫಕೀರವ್ವ — ಏನ ಹೇಳ್ಲೆವ್ವಾ. ಒಣಾಒಣಾ ಇರತಿತ್ತು, ಗಂಟಲದಾಗ ಇಳೀತಿರಲಿಲ್ಲ. ಇಂವ ಕೆಂಡ ತರಾಕ ಹೊರಗ ಹೋದಾಗ ನಾ ಎರಡ ಹಿಡಿ ಶೇಂಗಾಪುಡಿ ಉದರಸತಿದ್ದೆ.

ಶಿವಾಜಿ — ಯವ್ವಾ, ನನ್ನ ಅಡಗ್ಯಾಗ ನೀ ಕೈ ಹಾಕತಿದ್ದೇನ ಬೇ?

ಫಕೀರವ್ವ — ಮ್ಯಾಲ ಒಂದ ಸೌಟ ಶೇಂಗಾಎಣ್ಣಿನೂ.

ಶಿವಾಜಿಗೆ ತೂಕಕ್ಕಿಂತ ಇದು ಜೋರ ಹತ್ತಿತು. ಮೂರ ವಾರ ಮಂದಿ ಮೂಗ ಅರಳಿಸಿದ್ದು ತನ್ನ ಕೈರುಚಿಗೋ ಅವ್ವನ ಶೇಂಗಾಕ್ಕೋ ಅಂತ ಅಂವ ಅಲ್ಲೇ ಕುಂತ ಯೋಚನಿ ಮಾಡಾಕತ್ತ. ಮಲ್ಲಿಕಾ ಅಷ್ಟಕ್ಕ ಬಿಡಲಿಲ್ಲ. ಪದರಕೋಳಿ ಜೋಡಿ ಏನ ಹಚ್ಚಿಕೊಂಡ ಉಂಡ್ರಿ ಅಂತ ಕೇಳಿದ್ಲು.

ಶಿವಾಜಿ — ಏನ ಹಚ್ಚಿಕೊಳ್ಳೂದು, ರೊಟ್ಟಿ.

ಮಲ್ಲಿಕಾ — ಎಷ್ಟು?

ಶಿವಾಜಿ — ಮೂರು.

ಫಕೀರವ್ವ — ನಾಕು. ಮಜ್ಜಗಿ ಅನ್ನ ಬ್ಯಾರೆ.

ಮಲ್ಲಿಕಾ — ಪದರದಾಗ ಏನ ಹಾಸಿದ್ರಿ?

ಶಿವಾಜಿ — ರೊಟ್ಟಿ.

ಮಲ್ಲಿಕಾ — ಅಂದ್ರ ರೊಟ್ಟಿಗೆ ರೊಟ್ಟಿ ಹಚ್ಚಿಕೊಂಡ ಉಂಡ್ರಿ.

ಮೆಕ್ಸಿಕೋದವರು ಅದನ್ನ ಊಟ ಅಂತ ಮಾಡಿದ್ರು. ಶಿವಾಜಿಗೆ ಅದು ಮೊದಲ ದಿನದಿಂದ ಪಲ್ಯಾನ ಆಗಿತ್ತು. ತಾಟಿನ್ಯಾಗ ಏನ ಬಿದ್ರೂ ಅದರ ಬಾಜೂಕ ರೊಟ್ಟಿ ಇರಬೇಕು, ಕೊನಿಗೆ ಅನ್ನ ಇರಬೇಕು, ಇಲ್ಲಂದ್ರ ಅದಕ್ಕ ಊಟ ಅಂತ ಯಾರ ಅಂತಾರ. ಇದರಾಗ ತಪ್ಪ ಎಲ್ಲಿ ಆತು ಅನ್ನೂದು ಅಂವಗ ಈಗೂ ಪೂರ್ತಿ ತಿಳೀವಲ್ಲದಾಗಿತ್ತು.

ಮಲ್ಲಿಕಾ ತೀರ್ಪ ಹೇಳಿದ್ಲು. ಒಲಿ ವಾಪಸ, ನಾಳಿಂದ ಗಂಜಿ.

ಶಿವಾಜಿ — ತಡಿ. ದಿನಾ ಎಂಟ ಗಂಟೆಕ್ಕ ಬಂದು ನೀನೂ ಅದನ್ನ ಉಂಡಿ. ನಾನ ನಿನ್ನ ತಾಟಿಗೆ ರೊಟ್ಟಿ ನೀಡೇನಿ.

ಮಲ್ಲಿಕಾ — ಎರಡ ಉಂಡೇನಿ. ಎರಡರ ಮ್ಯಾಲ ಹೋಗಿಲ್ಲ. ಎಷ್ಟ ಉಣಬೇಕು ಅನ್ನೂದ ತಿಳದವರಿಗೆ ಏನೂ ಆಗೂದಿಲ್ರಿ. ನೋಡ್ರಿ ಬೇಕಾರ.

ಆಕಿ ಚಪ್ಪಲ ಬಿಟ್ಟು, ಸೆರಗ ಸೊಂಟಕ್ಕ ಸಿಗಿಸಿ, ತಲಿ ಎತ್ತಿ ಮಷೀನ ಹತ್ತಿದ್ಲು. ಆಕಿ ಯಾವತ್ತೂ ಐವತ್ತೆಂಟು. ಊರಾಗಿನ ಹೆಣ್ಣಮಕ್ಕಳಿಗೆಲ್ಲಾ ಆ ಐವತ್ತೆಂಟ ಗೊತ್ತಿತ್ತು, ಆಕಿನ ಹೇಳಿದ್ಲು. ಮಷೀನಿನ್ಯಾಗ ಅಂಕಿ ಓಡಿತು, ನಿಂತಿತು. ಅರವತ್ತೊಂದೂವರಿ.

ಫಕೀರವ್ವನ ಬಳ್ಳೊಳ್ಳಿ ಸುಲಿಯೂದ ನಿಂತಿತು. ಶಿವಾಜಿ ನಗಬೇಕಂತ ಮಾಡಿದ. ಇಂಥಾ ವ್ಯಾಳ್ಯಾ ಗಂಡಸಿನ ಬಾಳ್ವ್ಯಾಗ ಒಮ್ಮೆ ಬರತೈತಿ. ಆದ್ರ ಹೆಂಡ್ತಿ ಮಾರಿ ನೋಡಿ ನಗೂದ ಬಿಟ್ಟ. ಆಕಿ ಮಷೀನ ಇಳೀಲಿಲ್ಲ, ಕೆಳಗ ನೋಡಕೊಂಡ ಹಂಗ ನಿಂತಿದ್ಲು.

ಶಿವಾಜಿ — ಎರಡ ರೊಟ್ಟಿಗೆ ಇಷ್ಟ ಆಗೂದಿಲ್ಲ ಬಿಡು.

ಮಲ್ಲಿಕಾ — ಎರಡ ರೊಟ್ಟೀರಿ. ಪದರಕೋಳಿ ಮಾತ್ರ ಮತ್ತಮತ್ತ ನೀಡಿಸಿಕೊಂಡೆ.

ಶಿವಾಜಿ — ಬ್ಯಾಡ ಅನ್ನಬೇಕಿತ್ತಲ್ಲ.

ಮಲ್ಲಿಕಾ — ಹದಿನೆಂಟ ವರ್ಷ ಆತು ಲಗ್ನ ಆಗಿ. ಡ್ಯೂಟಿ ಮುಗಿಸಿ ಬಂದು ನಾನ ಒಲಿ ಹಚ್ಚೇನಿ, ಎಲ್ಲಾರಿಗೂ ನೀಡೇನಿ, ಕೊನಿಗೆ ಆರಿದ್ದ ಉಂಡೇನಿ. ಈ ಮೂರ ವಾರ ಕೈಕಾಲ ತೊಳಕೊಂಡ ಬಂದ್ರ ಬಿಸಿ ತಾಟ ಮುಂದ ಇರತಿತ್ತು. ಇನ್ನೊಂಚೂರ ಹಾಕ್ಲಿ ಏನು ಅಂತ ನೀವು ಕೇಳತಿದ್ರಿ. ಬ್ಯಾಡ ಅನ್ನಾಕ ಮನಸ ಬರಲಿಲ್ರಿ ನನಗ.

ಶಿವಾಜಿಗೆ ಖುಷಿನೂ ಆತು, ನಾಚಿಕಿನೂ ಬಂತು. ಹದಿನೆಂಟ ವರ್ಷ ಆಕಿ ಆರಿದ್ದ ಉಂಡದ್ದನ್ನ ತಾ ಒಮ್ಮೆರೆ ನೋಡೇನಿಲ್ಲೋ ಅಂತ ನೆನಸಾಕ ಹೋದ. ನೆನಪಾಗಲಿಲ್ಲ. ಆ ಹೊತ್ತಿಗೆ ತಾ ಉಂಡು ಮಕ್ಕೊಂಡಿರತಿದ್ದ.

ಮಲ್ಲಿಕಾ — ಅಡಗಿ ಬಿಡಬ್ಯಾಡ್ರಿ. ಕೆನಿ ಬಿಡ್ರಿ.

ಫಕೀರವ್ವ — ಶೇಂಗಾ?

ಗಂಡಾ ಹೆಂಡ್ತಿ ಇಬ್ಬರೂ ಆಕಿ ಕಡೆ ನೋಡಿದ್ರು. ಆಕಿ ಮತ್ತ ಬಳ್ಳೊಳ್ಳಿಗೆ ಕೈ ಹಾಕಿದ್ಲು. ಒಲಿ ಉಳೀತು ಅಂತ ಶಿವಾಜಿ ಸಮಾಧಾನದಿಂದ ಬೆಲ್ಟ ಕಟ್ಟಿಕೊಳ್ಳಾಕತ್ತ. ಮಲ್ಲಿಕಾ ಮಾತ್ರ ಸ್ಟೂಲಿನ ಮ್ಯಾಲ ಕುಸದ ಕುಂತ್ಲು. ಇನ್ನೊಂದ ಐತ್ರಿ ಅಂದ್ಲು.

ಶಿವಾಜಿ — ಏನು?

ಮಲ್ಲಿಕಾ — ಎರಡ ವಾರದ ಹಿಂದ ಹೆಣ್ಣಮಕ್ಕಳ ಸಂಘದ ಮೀಟಿಂಗಿನ್ಯಾಗ ಹೇಳಿಬಿಟ್ಟೇನ್ರಿ. ನಮ್ಮ ಮನಿಯವರು ಹಗರ ಅಡಗಿ ಮಾಡತಾರ, ತೂಕ ಇಳಿಯೂದಕ್ಕ ಅಗದಿ ಚಲೋ, ನೀವೂ ಮಾಡ್ರಿ ಅಂತ. ನಿಮ್ಮನ್ನ ಕೇಳಿ ಬರಕೊಂಡ ಹೋಗಿದ್ನಲ್ಲ, ಅದನ್ನ ಎಲ್ಲಾರಿಗೂ ಓದಿ ಹೇಳಿದೆ.

ಶಿವಾಜಿ — ಕೆನೀನೂ ಓದಿದೇನು?

ಮಲ್ಲಿಕಾ — ಮ್ಯಾಲ ಬೆಳ್ಳಗಿಂದು ಅಂತ ಅಷ್ಟ ಬರಕೊಂಡಿದ್ದೆ. ಅವರಿಗೆ ತಿಳದದ್ದು ಹಾಕ್ಯಾರ. ರೇವವ್ವ ಬೆಣ್ಣಿ ಹಾಕತಾಳಂತ. ಮಹಾನಂದಾ ಕೋಳಿ ತಿನ್ನೂದಿಲ್ಲ, ಆಕಿ ಪನೀರ ಹಾಕಿ ವಾರಕ್ಕ ನಾಕ ದಿನಾ ಮಾಡಾಕತ್ತಾಳ.

ಶಿವಾಜಿ — ಎಷ್ಟ ಮನ್ಯಾಗ?

ಮಲ್ಲಿಕಾ — ಹದಿನಾರು. ಎಲ್ಲಾರೂ ನಾಳೆ ತೂಕಕ್ಕ ಬರತಾರ.

ಶಿವಾಜಿ — ಮತ್ತ ಅದನ್ನ ಯಾತರ ಜೋಡಿ ಉಂತಾರ?

ಮಲ್ಲಿಕಾ — ಯಾತರ ಜೋಡಿ ಉಂತಾರ್ರಿ. ರೊಟ್ಟಿ ಜೋಡಿ.

ಇಡೀ ಓಣಿ ರೊಟ್ಟಿಗೆ ರೊಟ್ಟಿ ಹಚ್ಚಿಕೊಂಡ ಉಣ್ಣೂದು ಶಿವಾಜಿ ಕಣ್ಣಿಗೆ ಕಟ್ಟಿತು. ಇಪ್ಪತ್ತ ವರ್ಷ ಊರ ಹುಡುಗುರಿಗೆ ಒಂದ ಬಸ್ಕಿ ಕಲಿಸಾಕ ಆಗದಾಂವ ಎರಡ ವಾರದಾಗ ಹದಿನಾರ ಮನಿ ತೂಕ ಏರಿಸಿದ್ದ. ಮಲ್ಲಿಕಾ ಎರಡೂ ಕೈಯಾಗ ಮಾರಿ ಮುಚ್ಚಿಕೊಂಡು, ನಾಳೆ ಆ ಹೆಣ್ಣಮಕ್ಕಳಿಗೆ ನಾ ಹೆಂಗ ಮಾರಿ ತೋರಸ್ಲಿ ಅಂತ ಕೇಳಿದ್ಲು. ಅಂವ ಕೊರಳಿಗೆ ಸೀಟಿ ಹಾಕಿಕೊಂಡು ಆಕಿ ಬಾಜೂಕ ನೆಲದ ಮ್ಯಾಲ ಕುಂತ.

ಶಿವಾಜಿ — ಅಂಜಬ್ಯಾಡ. ನೀ ಹೇಳಿದಂಗ ನಾನ ಮೊದಲ ಮಷೀನ ಹತ್ತತೇನಿ. ನನ್ನ ನೋಡಿದ ಮ್ಯಾಲ ಉಳದ ಹದಿನಾರ ಮಂದಿಗೂ ತಾವು ಹಗರ ಅದೇವಿ ಅನಸ್ತೈತಿ.