ಕೆಂಚನಿಗೆ ಬಿಟ್ಟುಹೋದ ಕಂಬಳಿ

ಸೋಫಾದ ಹೊಟ್ಟೆ ಬಗೆದು ಸ್ಪಂಜನ್ನೆಲ್ಲ ಮನೆ ತುಂಬ ಹರಡಿರಬಹುದು. ಪರದೆಯನ್ನು ಕಂಬಿಸಮೇತ ಎಳೆದು, ಕಂಬಿ ಟೀವಿಗೆ ಬಡಿದು, ಟೀವಿ ನೆಲಕ್ಕುರುಳಿರಬಹುದು. ದಿಂಬಿನ ಹತ್ತಿ ನುಂಗಿ ಉಸಿರು ಸಿಕ್ಕಿಕೊಂಡಿರಬಹುದು. ಫ್ರಿಜ್ಜಿನ ವೈರು ಕಡಿದು... ಬೇಡ, ಅದನ್ನು ಬರೆಯುವುದೇ ಬೇಡ. ಬಚ್ಚಲಿನ ನಲ್ಲಿ ತಿರುಗಿಸಿ ಮನೆಯನ್ನು ಕೆರೆ ಮಾಡಿರಬಹುದು. ನಾಯಿಗೆ ನಲ್ಲಿ ತಿರುಗಿಸಲು ಬರುವುದಿಲ್ಲವೆಂಬುದು ನನಗೂ ಗೊತ್ತು. ನನ್ನ ಭಯಕ್ಕೆ ಗೊತ್ತಿಲ್ಲ, ಅಷ್ಟೆ. ಇಷ್ಟನ್ನೂ ನಾನು ಯೋಚಿಸಿ ಮುಗಿಸಿದ್ದು ಬಸ್ಸು ಚಿತ್ರದುರ್ಗದ ನಿಲ್ದಾಣ ಬಿಡುವುದರೊಳಗೆ. ಹೊರಕೆರೆದೇವಪುರ ಇನ್ನೂ ದೂರವಿತ್ತು.

ನಾನು ಹುಟ್ಟು ಪುಕ್ಕಲ. ಬೀಗ ಹಾಕಿದ ಮೇಲೆ ಅದನ್ನು ಜಗ್ಗಿ ನೋಡುತ್ತೇನೆ. ಹಾಗೆ ಜಗ್ಗಿದ್ದರಿಂದಲೇ ಸಡಿಲವಾಯಿತೇನೋ ಎಂದು ಗೇಟಿನಿಂದ ವಾಪಸು ಬರುತ್ತೇನೆ. ಇಂಥವನ ಮನೆಗೆ ಕೆಂಚ ಬಂದ. ನನ್ನ ಹೆಂಡತಿ ರತ್ನಳ ತುರುವನೂರಿನ ತವರಿನವರು ಕುರಿ ಸಾಕುವವರು. ಅವರ ಹಟ್ಟಿಯಲ್ಲಿ ಹುಟ್ಟಿದ ನಾಯಿಮರಿ. ನಾವಿದ್ದರೆ ಇವನಷ್ಟು ಸಾಧು ಇನ್ನೊಬ್ಬನಿಲ್ಲ. ಬಾಗಿಲು ಹಾಕಿಕೊಂಡು ಹೋದೆವೋ, ಲೋಕವೇ ತನ್ನನ್ನು ಬಿಟ್ಟುಹೋಯಿತೆಂದು ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತಾನೆ. ಕಾಲೊರೆಸು ಹೋಯಿತು, ಎರಡು ದಿಂಬು ಹೋದವು, ಕೊನೆಗೆ ರತ್ನಳೇ ಆರಿಸಿ ತಂದ ಸೋಫಾದ ಒಂದು ಮೂಲೆಯೂ ಹೋಯಿತು.

ಅವತ್ತು ಅವಳು ಕಿರುಚಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ. ಸ್ಪಂಜು ಗುಡಿಸುತ್ತ ತಣ್ಣಗೆ ಹೇಳಿದಳು: “ನೋಡ್ರಿ, ಇನ್ನೊಂದ್ಸಲ ಏನಾರ ಹರಿದ್ರೆ ಇವನು ತುರುವನೂರಿಗೆ ವಾಪಸ್. ಅಲ್ಲಿ ಕುರಿ ಅವೆ, ಬಯಲೈತೆ, ಹರ್ಯಾಕೆ ಸೋಫಾ ಇಲ್ಲ.”

ಕೆಂಚ ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿದ್ದ. ಆಫೀಸಿನಿಂದ ಬಂದಾಗ ನಾನು ಬಂದೆನೆಂದು ಇಡೀ ಮೈ ಕುಣಿಸುವ ಜೀವ ಆ ಮನೆಯಲ್ಲಿ ಅದೊಂದೇ. ಅದೂ ಹೋದರೆ?

ಪರಿಹಾರ ಹೇಳಿದವಳೂ ರತ್ನಳೇ. ಅವಳ ಅಪ್ಪ ಹಟ್ಟಿ ಬಿಟ್ಟು ಊರೊಳಗೆ ಹೋಗಬೇಕಾದರೆ ತಾನು ಹೊದ್ದ ಕಂಬಳಿಯನ್ನು ನಾಯಿಯ ಮುಂದೆ ಹಾಸಿ ಹೋಗುತ್ತಿದ್ದನಂತೆ. ಕಂಬಳಿ ಇದೆ ಎಂದರೆ ಯಜಮಾನ ಬಂದೇ ಬರುತ್ತಾನೆಂದು ನಾಯಿ ಅಲ್ಲಾಡದೆ ಕೂರುತ್ತಿತ್ತಂತೆ. ನಾನು ತಡಮಾಡಲಿಲ್ಲ. ಪೂಜೆಯಲ್ಲಿ ದೇವರ ಗದ್ದುಗೆಗೆ ಹಾಸಲೆಂದು ಮಡಿಸಿಟ್ಟಿದ್ದ ಹೊಸ ಕಂಬಳಿಯನ್ನೇ ಪೆಟ್ಟಿಗೆಯಿಂದ ತೆಗೆದು ಹಾಸಿಬಿಟ್ಟೆ.

ರತ್ನ ಹಣೆ ಚಚ್ಚಿಕೊಂಡಳು. “ಅಯ್ಯೋ ನಿಮ್ಮ! ಗದ್ದಿಗೆ ಕಂಬಳಿ ನಾಯಿಗೆ ಹಾಸ್ತಾರೇನ್ರಿ? ಅದ್ರಾಗೆ ನಿಮ್ಮ ವಾಸ್ನೆ ಎಲ್ಲೈತೆ? ಬರೀ ನುಸಿಗುಳಿಗೆ ವಾಸ್ನೆ!”

ಹಾಗಾಗಿ ನಾನು ವಾಸನೆ ಸಂಪಾದಿಸಲು ಕೂತೆ. ಹಳೆಯ ಕಂಬಳಿಯೊಂದನ್ನು ಹೊದ್ದು ಮಲಗತೊಡಗಿದೆ. ನಮ್ಮ ದುರ್ಗದ ಬೇಸಿಗೆ ಗೊತ್ತಲ್ಲ, ಕಲ್ಲೂ ಬೆವರುತ್ತದೆ. ಮೈಯೆಲ್ಲ ಕೆಂಪಗೆ ದದ್ದೆದ್ದಿತು. ಆಫೀಸಿನಲ್ಲಿ ಪಕ್ಕದ ಕುರ್ಚಿಯವರು ಕಿಟಕಿಯ ಕಡೆ ಸರಿದು ಕೂತರು. ಕಂಬಳಿ ಹದಕ್ಕೆ ಬಂದಿದೆ ಎಂದು ಆಗ ಖಾತ್ರಿಯಾಯಿತು.

ಪರೀಕ್ಷೆಯ ದಿನವೇ ಇದು: ಹೊರಕೆರೆದೇವಪುರದಲ್ಲಿ ನಾದಿನಿ ಶಾಂತಳ ಮಗಳ ಸೀಮಂತ. ಕಂಬಳಿ ಹಾಸಿ, ಕೆಂಚನನ್ನು ಅದರ ಮೇಲೆ ಕೂರಿಸಿ, “ಬರ್ತೀನಪ್ಪ” ಎಂದು ರತ್ನಳ ಜೊತೆ ಹೊರಟೆ. ಅವನು ನೋಡಿದ ನೋಟಕ್ಕೆ ಗೇಟಿನಿಂದ ಒಮ್ಮೆ ವಾಪಸು ಬಂದು ಮತ್ತೆ ಹೊರಟೆ.

“ಬರ್ರಿ ಅಣ್ಣ, ಇಲ್ಲಿ ಕುಂತ್ಕಳ್ರಿ, ಹೊಸಾ ಸೋಫಾ!” ಎಂದು ಷಡ್ಡಕ ಮೂಲೆಯಲ್ಲಿ ಕೂರಿಸಿದ. ಅತ್ತ ಹೆಂಗಸರು ಬಳೆ ತೊಡಿಸುತ್ತಿದ್ದರು, ಹಾಡುತ್ತಿದ್ದರು. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ನಮ್ಮ ಸೋಫಾ ಒಂದೇ. ತಡೆಯಲಾರದೆ ಪಕ್ಕದ ಮನೆಯ ಗಿರಿಜಕ್ಕನಿಗೆ ಫೋನು ಮಾಡಿದೆ.

“ಒಂದ್ ಸದ್ದೂ ಇಲ್ಲ ಕಣಣ್ಣ,” ಎಂದರು. “ಬಾಗ್ಲಿಗೆ ಕಿವಿ ಕೊಟ್ಟು ಕೇಳ್ದೆ. ಉಸ್ರಾಡೋದೂ ಕೇಳ್ಸಲ್ಲ.”

ಆಮೇಲೆ ಊಟದೆಲೆಯಲ್ಲಿ ಏನಿತ್ತೆಂದು ಕೇಳಬೇಡಿ. ಊಟಕ್ಕೆ ಮೊದಲೂ ನಂತರವೂ ಆ ಮೂಲೆಯಲ್ಲೇ, ಸೋಫಾದ ಕೈಯನ್ನು ಬಿಗಿಯಾಗಿ ಹಿಡಿದು ಕೂತಿದ್ದೆ. “ಭಾವ, ಎಲೆಅಡಿಕೆನಾರ ಹಾಕ್ಕಳ್ರಿ,” ಎಂದು ಶಾಂತ ತಟ್ಟೆ ಹಿಡಿದು ಬಂದದ್ದೂ ನನಗೆ ತಿಳಿಯಲಿಲ್ಲವಂತೆ.

ಸಂಜೆ ಬಂದು ಮನೆಯ ಬೀಗ ತೆಗೆದೆ. ಒಳಗೆ ಸದ್ದಿಲ್ಲ. ರತ್ನಳೇ ಮುಂದೆ ಹೋಗಿ ದೀಪ ಹಾಕಿದಳು. ಸೋಫಾ ಸೋಫಾದ ಹಾಗೇ ಇತ್ತು. ಪರದೆ, ಟೀವಿ, ದಿಂಬು ಎಲ್ಲ ಅದರದರ ಜಾಗದಲ್ಲಿದ್ದವು. ಕೆಂಚ ಕಂಬಳಿಯಲ್ಲಿ ಮೂಗು ಹುದುಗಿಸಿ ಗಾಢ ನಿದ್ದೆಯಲ್ಲಿದ್ದವನು ಒಂದು ಕಣ್ಣು ತೆರೆದು, ಬಂದೆಯಾ ಎನ್ನುವಂತೆ ಬಾಲ ಬಡಿದ. ನನಗೆ ಅಳುವೇ ಬಂತು.

ಅಷ್ಟರಲ್ಲಿ ಶಾಂತಳ ಫೋನು. ರತ್ನ ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ನನ್ನ ಕಡೆಗೇ ನೋಡತೊಡಗಿದಳು.

“ಶಾಂತನ ಹೊಸಾ ಸೋಫಾದ ಕೈಯಾಗೆ ಮುಷ್ಟಿ ಹಿಡಿಯೋಷ್ಟು ತೂತಂತೆ. ಒಳಗಿನ ಸ್ಪಂಜೇ ಇಲ್ವಂತೆ. ಇಲಿ ಸೇರೈತೆ ಅಂತ ಬೋನು ಹುಡುಕ್ತಾ ಅವ್ರಂತೆ,” ಎಂದಳು. ಹತ್ತಿರ ಬಂದು ನನ್ನ ಜುಬ್ಬದ ಜೇಬಿಗೆ ಕೈ ಹಾಕಿದಳು. ಹಳದಿ ಸ್ಪಂಜಿನ ಚೂರುಗಳು ನೆಲದ ಮೇಲೆ ಉದುರಿದವು. ಅಷ್ಟನ್ನು ನಾನು ಯಾವಾಗ ಕಿತ್ತೆನೋ, ಯಾವಾಗ ಜೇಬಿಗೆ ತುಂಬಿದೆನೋ ದೇವರಾಣೆ ಗೊತ್ತಿಲ್ಲ.

ಕೆಂಚ ಎದ್ದುಬಂದು ಚೂರುಗಳನ್ನು ಮೂಸಿ, ನನ್ನನ್ನೊಮ್ಮೆ ನೋಡಿ, ಮಂಚದ ಕೆಳಗೆ ಹೋಗಿ ಮಲಗಿದ. ರತ್ನ ಕಂಬಳಿಯನ್ನು ಕೊಡವಿ, ಮಡಿಸಿ, ನನ್ನ ಕೈಗಿಟ್ಟಳು.

“ನಾಳಿಂದ ಇದನ್ನ ನಾನು ಹೊದ್ಕಂತೀನಿ,” ಎಂದಳು. “ಮುಂದಿನ ಸಲ ಯಾರ ಮನಿಗಾದ್ರೂ ಹೋದ್ರೆ ನಿಮ್ಮ ಮುಂದೆ ಹಾಸ್ಬೇಕಾಗ್ತೈತೆ.”